ಚುಕ್ಕೆ ಜಿಂಕೆಯ ಎಡಗಿವಿ

ಯಾರು ಯಾವ ಜಿಂಕೆ ತಂದರೂ ನಮ್ಮ ಮನೆಯವರು ಮೊದಲು ಕೊಂಬು ನೋಡುತ್ತಿರಲಿಲ್ಲ. ಕಿವಿ ಹಿಡಿಯುತ್ತಿದ್ದರು. ಯಾವಾಗಲೂ ಎಡಗಿವಿ. ಅದರ ಬುಡದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುವರು. ಕೂದಲು ಗಟ್ಟಿಯಾಗಿದ್ದರೆ ಆಮೇಲೆ ಮೂಗು, ಆಮೇಲೆ ಕಣ್ಣಿನ ರೆಪ್ಪೆ. ಕೂದಲು ಕೈಗೆ ಬಂತೋ, ಮುಗಿಯಿತು. "ಇದು ಆಗಲ್ಲ. ತಿನ್ನಿ" ಅನ್ನುವರು. ಇಂಗ್ಲಿಷಿನಲ್ಲೂ ಅಷ್ಟೇ. "ನೋ ಗುಡ್. ಈಟ್."

ಎಲ್ಲಿಂದಲೋ ಕಾರು ಓಡಿಸಿಕೊಂಡು ಬಂದ ದೊಡ್ಡ ದೊಡ್ಡ ಇಂಗ್ಲಿಷ್ ಗಂಡಸರು. ಅವರ ಮುಖ ಸಣ್ಣದಾಗುವುದು. ಕೊಂಬು ಇಷ್ಟು ಉದ್ದ ಇದೆ, ಇಷ್ಟು ಕವಲಿದೆ ಅಂತ ವಾದ ಮಾಡುವರು. ಇವರು ಕೈ ತೊಳೆಯಲು ಹೋಗುವರು. ನಾನು ಟೀ ತಂದು ಕೊಡುತ್ತಿದ್ದೆ. ಟೀ ಕುಡಿದು ಹೋಗುವರು. ಮಾರನೇ ವರ್ಷ ಅವರೇ ಮತ್ತೆ ಬರುವರು.

ಅವರ ಹೆಸರು ಗೋಪಾಲ. ಬರೆದುಬಿಟ್ಟೆ. ಇದ್ದಾಗ ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ಪಕ್ಕದಲ್ಲಿದ್ದವರ ಮುಖ ನೋಡಿದೆ. ಅವರೂ ನನ್ನನ್ನು ರತ್ನಮ್ಮ ಅಂತ ಕರೆದಿದ್ದಿಲ್ಲ. "ಇವಳೇ" ಅನ್ನುವರು. ಮನೆಯಲ್ಲಿ ಇರುವುದು ಇಬ್ಬರೇ ಆದಾಗ ಅಷ್ಟು ಸಾಕು.

ಅವರ ಊರು ಹೆಗ್ಗಡದೇವನಕೋಟೆ ಕಡೆ, ಕಾಡಿನ ಅಂಚು. ಮಾವ ಫಾರೆಸ್ಟ್ ವಾಚರ್. ಮೀಸೆ ಬರುವ ವಯಸ್ಸಿಗೆ ಇವರು ಮೈಸೂರಿನ ಒಂದು ಕಾರ್ಖಾನೆಗೆ ಸೇರಿದರು. ಹೊಡೆದ ಹುಲಿ, ಚಿರತೆ, ಕಾಟಿ ತಂದರೆ ಅದರ ಚರ್ಮ ಹದ ಮಾಡಿ, ಕಾಗದದ ಅಚ್ಚಿನ ಮೇಲೆ ಎಳೆದು, ಕಣ್ಣು ಕೂರಿಸಿ, ಜೀವ ಇದ್ದ ಹಾಗೆ ನಿಲ್ಲಿಸುವ ಕೆಲಸ. ಆಮೇಲೆ ಸರ್ಕಾರ ಬೇಟೆ ನಿಲ್ಲಿಸಿತು. ಕೆಲಸವೂ ನಿಲ್ಲುತ್ತಾ ಬಂತು. ಆಗ ಸ್ಟಾಫರ್ಡ್‌ಶೈರ್ ಕಡೆಯ ಒಬ್ಬ ಇಂಗ್ಲಿಷ್ ದೊರೆ ಬಂದ. ಅವನ ಮನೆ ತುಂಬ ತಾತನ ಕಾಲದ ಮೈಸೂರು ಹುಲಿಗಳಂತೆ, ಎಲ್ಲಕ್ಕೂ ಹುಳ ಹಿಡಿದು ಕಿವಿ ಉದುರಿದ್ದವಂತೆ. ರಿಪೇರಿ ಮಾಡಲು ಇವರನ್ನು ಈ ದೇಶಕ್ಕೆ ಕರೆತಂದ. ಆರು ತಿಂಗಳಿಗೆ ಅಂತ ಬಂದವರು. ಹುಲಿ ಮುಗಿದ ಮೇಲೆ ಮ್ಯೂಸಿಯಮ್ಮಿನ ಹಕ್ಕಿಗಳು ಸಿಕ್ಕವು. ಹಕ್ಕಿ ಮುಗಿದ ಮೇಲೆ ಜಿಂಕೆ. ಜಿಂಕೆ ಮುಗಿಯಲೇ ಇಲ್ಲ. ಇಲ್ಲಿ ಲೈಸೆನ್ಸ್ ಇದ್ದರೆ ಜಿಂಕೆ ಹೊಡೆಯಬಹುದು. ಜಾಸ್ತಿಯಾಗಿ ಗಿಡ ತಿನ್ನುತ್ತವೆ ಅಂತ ಹೊಡೆಯುತ್ತಾರೆ, ಮಾಂಸ ತಿನ್ನುತ್ತಾರೆ. ಚೆನ್ನಾಗಿದ್ದರೆ ತಲೆಯನ್ನು ಗೋಡೆಗೆ ಹಾಕುತ್ತಾರೆ. ಟ್ರೋಫಿ ಅನ್ನುತ್ತಾರೆ. ಯಾವುದು ಚೆನ್ನಾಗಿದೆ ಅಂತ ಹೇಳುವುದು ಇವರ ಕೆಲಸ.

ನಾನು ನಂಜನಗೂಡಿನವಳು. ಮೂರನೇ ಕ್ಲಾಸು. ಬ್ಲೌಸ್ ಹೊಲಿಯುತ್ತಿದ್ದೆ. ಮದುವೆಯಾಗಿ ಈ ಊರಿಗೆ, ಹಾರ್ಬೋರ್ನ್‌ಗೆ, ಬಂದು ಇಳಿದಾಗ ಇವರು ಮನೆ ತೋರಿಸಲಿಲ್ಲ, ಹಿಂದಿನ ಶೆಡ್ಡು ತೋರಿಸಿದರು. ಒಳಗೆ ಎಂಟೋ ಹತ್ತೋ ಜಿಂಕೆ ತಲೆ. ಕಿಟಕಿಯ ಆಚೆ ಮಂಜು. ಎಲ್ಲವೂ ಏನೋ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ನಾನು ಬಾಗಿಲಲ್ಲೇ ನಿಂತೆ. ಮಾತಾಡಿದರೆ ಎದ್ದು ಓಡುತ್ತವೆ ಅನ್ನಿಸಿತು.

"ಹೆದರಿಕೇನಾ?" ಅಂದರು.

"ಹೊಲಿಗೆ ಚೆನ್ನಾಗಿಲ್ಲ" ಅಂದೆ. ನಿಜವಾಗಿಯೂ ಚೆನ್ನಾಗಿರಲಿಲ್ಲ. ಕತ್ತಿನ ಹಿಂದೆ ದಾರ ಕಾಣುತ್ತಿತ್ತು.

ಆವತ್ತಿನಿಂದ ಹೊಲಿಗೆ ನನ್ನದಾಯಿತು. ಅವರು ಚರ್ಮ ಹದ ಮಾಡುವರು, ಅಚ್ಚು ಮಾಡುವರು, ಕಣ್ಣಿಗೆ ಬಣ್ಣ ಹಾಕುವರು. ನಾನು ದಾರಕ್ಕೆ ಮೇಣ ಸವರಿ ಕತ್ತಿನ ಹಿಂದಿನಿಂದ ಕೊಂಬಿನವರೆಗೆ ಹೊಲಿಯುವೆ. ಕೂದಲು ಒಳಕ್ಕೆ ಸಿಕ್ಕಬಾರದು. ರವಿಕೆಯ ತೋಳು ಕೂರಿಸಿದ ಹಾಗೆಯೇ. ಸ್ವಲ್ಪ ಸ್ವಲ್ಪ ಎಳೆದು, ಸ್ವಲ್ಪ ಸ್ವಲ್ಪ ಬಿಡಬೇಕು.

ಅಚ್ಚಿಗೆ ಬೇರೆಯವರೆಲ್ಲ ಅಂಗಡಿಯಿಂದ ಫೋಮ್ ತರುತ್ತಾರೆ. ಇವರು ಮೈಸೂರಿನ ಹಾಗೆ ಪೇಪರ್ ಅಂಟಿಸಿಯೇ ಮಾಡಬೇಕು. ಇಲ್ಲಿನ ಪೇಪರ್ ಬಲು ನುಣುಪು, ಅಂಟು ಕುಡಿಯಲ್ಲ ಅನ್ನುವರು. ನನ್ನ ತಂಗಿ ಉಪ್ಪಿನಕಾಯಿ, ಸಾರಿನ ಪುಡಿ ಕಳಿಸುವಾಗ ಸುತ್ತಿದ ಕನ್ನಡ ಪೇಪರನ್ನು ಬಿಸಾಡಲು ಬಿಡುತ್ತಿರಲಿಲ್ಲ. ಕನ್ನಡ ಸಂಘಕ್ಕೆ ಹೋದರೂ ಹಳೇ ಪೇಪರ್ ಕೇಳುವರು. ಪಾಪ, ಓದುವ ಹುಚ್ಚು ಅಂದುಕೊಂಡು ಜನ ಕಟ್ಟುಗಟ್ಟಲೆ ತಂದು ಕೊಟ್ಟರು. ಈ ಸೀಮೆಯಲ್ಲಿ ಎಷ್ಟೋ ಮನೆಯ ಗೋಡೆ ಮೇಲಿರುವ ಜಿಂಕೆಗಳ ತಲೆಯೊಳಗೆ ಕನ್ನಡ ಇದೆ. ಅವರಿಗೆ ಯಾರಿಗೂ ಗೊತ್ತಿಲ್ಲ. ಬೆಳೆ ಧಾರಣೆ, ಮದುವೆ ಜಾಹೀರಾತು, ಸತ್ತವರ ಫೋಟೋ.

ಇನ್ನೊಂದು ಇದೆ. ಅವರು ಮಾಡಿದ ಎಲ್ಲ ಜಿಂಕೆಗಳ ಎಡಗಿವಿ ಮೇಲಕ್ಕೆ ತಿರುಗಿರುತ್ತದೆ. ಬಲಗಿವಿ ಮುಂದಕ್ಕೆ, ಎಡಗಿವಿ ಮರದ ಕಡೆಗೆ. ಗಿರಾಕಿಗಳು ಕೇಳುವರು, ಇದ್ಯಾಕೆ ಹೀಗೆ, ನಾನು ಹೊಡೆದದ್ದು ಹೀಗೆ ನಿಂತಿರಲಿಲ್ಲ. ಇವರು "ಡಿಯರ್ ಈಸ್ ಲೈಕ್ ದಟ್" ಅಂದು ಸುಮ್ಮನಾಗುವರು. ನಾನೂ ಎಷ್ಟೋ ವರ್ಷ ಕೇಳಲಿಲ್ಲ. ಒಂದು ದಿನ ಕೇಳಿದೆ.

"ಕಾಡಲ್ಲಿ ಜಿಂಕೆ ಕೆಳಗೆ ಮೇಯ್ತಿರುತ್ತೆ. ಮರದ ಮೇಲೆ ಮುಸುವ ಇರುತ್ತೆ, ಕರಿ ಮೂತಿ ಕೋತಿ. ಹುಲಿ ಬಂದ್ರೆ ಅದಕ್ಕೆ ಮೊದಲು ಕಾಣುತ್ತೆ. ಖ್ಯಾಕ್ ಅಂತ ಕೂಗುತ್ತೆ. ಜಿಂಕೆ ಕಿವಿ ಅಲ್ಲೇ ಇರಬೇಕು" ಅಂದರು.

"ಈ ದೇಶದಲ್ಲಿ ಮುಸುವ ಎಲ್ಲಿದೆ?"

ಅವರು ಕುಂಚ ಅದ್ದಿಕೊಂಡರು. ಕಣ್ಣಿಗೆ ಬಣ್ಣ ಹಾಕುತ್ತಿದ್ದರು.

ಮಗಳು ಇಂಚರಾ ಒಂದು ಸಲ ನಮ್ಮನ್ನು ಜಿಂಕೆಗಳಿರುವ ಪಾರ್ಕಿಗೆ ಕರೆದುಕೊಂಡು ಹೋದಳು. ಅಷ್ಟು ವರ್ಷ ಜಿಂಕೆ ಕೆಲಸ ಮಾಡಿದವರು, ಈ ದೇಶದ ಜೀವಂತ ಜಿಂಕೆಯನ್ನು ಹತ್ತಿರದಿಂದ ನೋಡಿದ್ದು ಆವತ್ತೇ. ಒಂದು ಓಕ್ ಮರದ ಕೆಳಗೆ ಹಿಂಡು ಮೇಯುತ್ತಿತ್ತು. ಇವರು ನಿಂತರು. ತುಂಬ ಹೊತ್ತು ನಿಂತರು. ಒಂದೂ ತಲೆ ಎತ್ತಿ ಮರ ನೋಡಲಿಲ್ಲ.

"ಇವಕ್ಕೆ ಮೇಲಿಂದ ಹೇಳೋರು ಯಾರೂ ಇಲ್ಲ ಕಣೆ" ಅಂದರು.

ಮನೆಗೆ ಬಂದ ಮೇಲೆ ಇನ್ನು ಕಿವಿ ನೆಟ್ಟಗೆ ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ಮಾರನೇ ದಿನ ಮಾಡಿದ ತಲೆಯ ಕಿವಿಯೂ ಮೇಲಕ್ಕೇ.

ಹೋದ ಆಗಸ್ಟಿನ ಕೊನೆಯಲ್ಲಿ ಮಯೂರ್ ಬಂದ. ಎಜ್‌ಬಾಸ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ನಮ್ಮಿಂದ ಎರಡು ರಸ್ತೆ ಆಚೆ ಮನೆ. ಬಸವನಗುಡಿಯಲ್ಲಿ ಪುಳಿಯೋಗರೆ ತಿಂದು ಬೆಳೆದ ಹುಡುಗ. ಆಸ್ಪತ್ರೆಯ ಇಂಗ್ಲಿಷ್ ಡಾಕ್ಟರೊಬ್ಬನ ಜೊತೆ ಸೇರಿ ಬೇಟೆ ಹಚ್ಚಿಕೊಂಡಿದ್ದ. ಕಾರಿನ ಡಿಕ್ಕಿ ತೆಗೆದು "ಅಂಕಲ್, ನನ್ನ ಫಸ್ಟ್" ಅಂದ. ತಲೆ, ಕತ್ತು, ಭುಜದ ಚರ್ಮ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿತ್ತು.

ಅವನ ಹೆಂಡತಿ ಪ್ರತೀಕ್ಷಾ, ಅವಳೂ ಡಾಕ್ಟರು, ಬಡಾವಣೆಯ ಕ್ಲಿನಿಕ್ಕಿನಲ್ಲಿ. ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿ ಇಳಿಸಿ ಕೂಗಿದಳು.

"ಅಂಕಲ್, ಆಗಲ್ಲ ಅಂತ ಹೇಳಿಬಿಡಿ ಪ್ಲೀಸ್. ಇದು ನಮ್ಮ ಹಾಲ್‌ಗೆ ಬಂದ್ರೆ ಪಕ್ಕದ ಮೊಳೆಗೆ ಇವರ ತಲೆ."

"ಇವರ ತಲೆ ತುಂಬೋಕೆ ನನ್ ಹತ್ರ ಅಷ್ಟು ಪೇಪರ್ ಇಲ್ಲಮ್ಮಾ" ಅಂದರು ಇವರು.

"ಖಾಲಿ ಇದೆ ಅಂತೀರಾ ಅಂಕಲ್?" ಅಂದ ಮಯೂರ್. ಎಲ್ಲರೂ ನಕ್ಕೆವು.

ಟೇಬಲ್ ಮೇಲೆ ಬಿಚ್ಚಿದರು. ಫ್ಯಾಲೋ ಅನ್ನುವ ಜಾತಿ. ಇನ್ನೂ ಎಳೆಯದು. ಕೊಂಬು ಎರಡು ಕಡ್ಡಿ, ಒಂದರ ತುದಿ ಮುರಿದಿತ್ತು. ಬೇರೆ ಯಾರೂ ಇಂಥದ್ದನ್ನು ಗೋಡೆಗೆ ಅಂತ ತರುತ್ತಿರಲಿಲ್ಲ. ಆದರೆ ಇದರ ಭುಜದ ಚರ್ಮದ ತುಂಬ ಬಿಳಿ ಚುಕ್ಕೆ. ಈ ಜಾತಿಗೆ ಬೇಸಿಗೆಯಲ್ಲಿ ಚುಕ್ಕೆ ಇರುತ್ತದೆ, ಚಳಿಗಾಲಕ್ಕೆ ಮಾಸುತ್ತದೆ. ನಮ್ಮಲ್ಲಿಗೆ ಬರುವವೆಲ್ಲ ಚಳಿಗಾಲದವು, ಬೂದು ಬಣ್ಣದವು. ಇಷ್ಟು ಚುಕ್ಕೆ ಇದ್ದದ್ದು ಆ ಟೇಬಲ್ ಮೇಲೆ ಯಾವತ್ತೂ ಬಂದಿರಲಿಲ್ಲ. ನಮ್ಮ ಕಡೆ ಜಿಂಕೆಯೇ ಬಂದು ಮಲಗಿದ ಹಾಗಿತ್ತು.

ಇವರು ಎಡಗಿವಿ ಹಿಡಿದರು. ಬೆರಳು ಅಲ್ಲೇ ನಿಂತಿತು. ಮೂಗು ನೋಡಲಿಲ್ಲ, ರೆಪ್ಪೆ ನೋಡಲಿಲ್ಲ. ಅಂಗೈಯಿಂದ ಚುಕ್ಕೆಗಳನ್ನು ಸವರಿದರು.

"ನಾಳೆ ಹೇಳ್ತೀನಿ" ಅಂದರು.

ನಾನು ತಿರುಗಿ ನೋಡಿದೆ. ನಾಳೆ ಅನ್ನುವ ಮಾತು ಆ ಶೆಡ್ಡಿನಲ್ಲಿ ಕೇಳಿದ್ದು ಅದೇ ಮೊದಲು.

ಮಯೂರ್, ಪ್ರತೀಕ್ಷಾ ಹೋದ ಮೇಲೆ ಇವರು ಊಟಕ್ಕೆ ಬರಲಿಲ್ಲ. ಕರೆಯಲು ಹೋದೆ. ಇನ್ನೂ ಬೆಳಕಿತ್ತು. ಟೇಬಲ್ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಚುಕ್ಕೆ ನೋಡಿದ್ಯಾ ಇವಳೇ?"

"ನೋಡಿದೆ. ಅನ್ನ ಆರುತ್ತೆ" ಅಂದೆ.

ತಮ್ಮ ಹತ್ತಿ ಟವೆಲ್ಲು ಒದ್ದೆ ಮಾಡಿ ಕಿವಿಗಳಿಗೆ ಸುತ್ತಿದರು. ಮೂಗು ಒಳಕ್ಕೆ ಮಡಿಸಿ, ಚೀಲದಲ್ಲಿಟ್ಟು, ಫ್ರೀಜರಿನಲ್ಲಿ ಮಲಗಿಸಿದರು. ಬಂದು ಊಟ ಮಾಡಿದರು. ಬೆಳಿಗ್ಗೆ ಹಾಲು ತರಲು ಹೋದರು. ಬಸ್ ಸ್ಟಾಪಿನಲ್ಲಿ ಸುಧಾರಿಸಿಕೊಳ್ಳಲು ಕೂತವರು ಏಳಲಿಲ್ಲ. ಅಷ್ಟೇ.

ಆಮೇಲಿನ ದಿನಗಳು ನನಗೆ ಸರಿಯಾಗಿ ಗೊತ್ತಿಲ್ಲ. ಜನ ಬಂದರು, ಹೋದರು. ಎಲೆ ಉದುರಿತು. ಮಂಜು ಬಂತು. ಮಧ್ಯಾಹ್ನ ಮಲಗುವೆ, ಏಳುವೆ. ಬೆಳಗೋ ಸಂಜೆಯೋ ತಿಳಿಯುತ್ತಿರಲಿಲ್ಲ, ಇಲ್ಲಿನ ಚಳಿಗಾಲದಲ್ಲಿ ಎರಡೂ ಒಂದೇ ಬಣ್ಣ. ಶೆಡ್ಡಿನಲ್ಲಿ ಫ್ರೀಜರ್ ಗುಂಯ್ ಅನ್ನುವುದು ಅಡಿಗೆಮನೆಗೆ ಕೇಳುತ್ತದೆ. ಜೇನುಹುಟ್ಟಿನ ಹಾಗೆ. ನಾನು ಅದನ್ನೇ ಕೇಳುತ್ತಾ ಕೂರುವೆ. ಕೆಲವು ಸಲ ಕಣ್ಣು ಮುಚ್ಚಿದರೆ ಹೈ ಸ್ಟ್ರೀಟಿನ ತುಂಬ ಜಿಂಕೆ. ಬಸ್ಸು ನಿಂತಿರುತ್ತದೆ, ಜಿಂಕೆಗಳು ದಾಟುತ್ತಿರುತ್ತವೆ. ಯಾರಿಗೂ ಅವಸರ ಇಲ್ಲ.

ಇಂಚರಾ ಲೀಡ್ಸ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಹೆಡಿಂಗ್ಲೀಯಲ್ಲಿ ಮನೆ. ದಿನಾ ಫೋನ್ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನಮ್ಮಿಬ್ಬರ ಮಾತು ಮೊದಲಿನಿಂದ ಹಾಗೆಯೇ.

"ಮಮ್, ಕಮ್ ಅಂಡ್ ಲಿವ್ ವಿತ್ ಮೀ."

"ಬರ್ತೀನಿ ಕಣೆ."

"ವೆನ್?"

"ಶೆಡ್ಡಲ್ಲಿ ಒಂದು ಜಿಂಕೆ ಇದೆ. ಅದೊಂದು ಆಗ್ಲಿ."

ಅವಳು ಉಸಿರು ಬಿಡುವುದು ಕೇಳುತ್ತಿತ್ತು. ಶೆಡ್ಡು ಖಾಲಿ ಮಾಡುವ ಜನರನ್ನು ಅವಳು ಆಗಲೇ ವಿಚಾರಿಸಿಟ್ಟಿದ್ದಳು. ಆ ಜಿಂಕೆಗೆ ಆಗುತ್ತದೆ, ಆಗಲ್ಲ, ಎರಡರಲ್ಲಿ ಒಂದು ಹೇಳಿದರೆ ಶೆಡ್ಡಿನ ಕೆಲಸ ಮುಗಿಯಿತು. ಹೇಳುವವರೆಗೆ ಅವರ ನಾಳೆ ಇನ್ನೂ ಬಂದಿಲ್ಲ. ನಾನು ಅದಕ್ಕೇ ಫ್ರೀಜರಿನ ಮುಚ್ಚಳ ತೆಗೆದಿರಲಿಲ್ಲ. ದಡ್ಡತನ ಅನ್ನುವವರು ಅನ್ನಲಿ.

ಒಳಗೊಳಗೆ ಒಂದು ನಂಬಿಕೆಯೂ ಇತ್ತು. ಕೆಟ್ಟ ಚರ್ಮವನ್ನು ಅವರು ಫ್ರೀಜರಿಗೆ ಸೇರಿಸುತ್ತಿರಲಿಲ್ಲ. ಟವೆಲ್ಲು ಸುತ್ತಿ ಮಲಗಿಸಿದ್ದಾರೆ ಅಂದರೆ ಆಗುತ್ತದೆ ಅಂತಲೇ ಅರ್ಥ. ಅವರಿಲ್ಲದಿದ್ದರೂ ನಾನು ಮಾಡಬಲ್ಲೆ, ನಿಧಾನವಾಗಿ. ಅಚ್ಚು ಒಂದು ಮಾಡಿಟ್ಟದ್ದಿತ್ತು. ಕಣ್ಣಿನ ಡಬ್ಬಿಯಲ್ಲಿ ಕಣ್ಣುಗಳಿದ್ದವು. ಅವರ ಕೊನೆಯ ಜಿಂಕೆ, ನನ್ನ ಹೊಲಿಗೆ. ಅದೊಂದನ್ನು ಗೋಡೆಯ ಮೇಲೆ ನೋಡಬೇಕು ಅಂತ ಜೀವ ಹಿಡಿದುಕೊಂಡಿತ್ತು.

ಮಾರ್ಚಿನಲ್ಲಿ ಮಯೂರ್ ಬಂದ. ಅವರು ಹೋದ ದಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವನು ಅವನು. ಆಮೇಲೂ ಬಂದು ಹೋಗುತ್ತಿದ್ದ, ಜಿಂಕೆಯ ಮಾತು ಎತ್ತಿರಲಿಲ್ಲ. ಈಗ ಕುರ್ಚಿಯ ತುದಿಯಲ್ಲಿ ಕೂತು ಎತ್ತಿದ.

"ಆಂಟಿ, ತಪ್ಪು ತಿಳ್ಕೋಬೇಡಿ. ತುಂಬ ದಿನ ಇಟ್ರೆ ಫ್ರೀಜರಲ್ಲೂ ಚರ್ಮ ಒಣಗಿಹೋಗುತ್ತಂತೆ. ಲೀಡ್ಸ್ ಕಡೆ ಇದೇ ಕೆಲಸ ಮಾಡೋ ಒಬ್ಬನಿಗೆ ಫೋನ್ ಮಾಡಿ ಕೇಳಿದೆ. ಫೋಟೋ ನೋಡಿ, ಇಷ್ಟು ಚಿಕ್ಕದಕ್ಕೆ ಯಾಕೆ, ಕೊಂಬು ಮಾತ್ರ ಹಲಗೆ ಮೇಲೆ ಹಾಕ್ಕೋ ಅಂದ."

"ಹಾಕ್ಕೋ ಮತ್ತೆ."

"ಅವನು ಹೇಳಿದ್ದು ಯಾಕೆ ಕೇಳ್ಲಿ? ಅಂಕಲ್ ನಾಳೆ ಹೇಳ್ತೀನಿ ಅಂದಿದ್ರು." ಟೀ ಲೋಟ ಕೆಳಗಿಟ್ಟ. "ನೀವು ಹೇಳಿ. ಆಗುತ್ತೆ ಅಂದ್ರೆ ಆಗುತ್ತೆ. ಇಲ್ಲ ಅಂದ್ರೆ ಇಲ್ಲ."

"ನನಗೇನು ಗೊತ್ತಪ್ಪಾ. ನೋಡ್ತಿದ್ದವರು ಅವರು."

"ಹೊಲಿದವರು ನೀವಲ್ವಾ?"

ಭಾನುವಾರ ಬಾ ಅಂದೆ.

ಶನಿವಾರ ಬೆಳಿಗ್ಗೆ ಚೀಲ ಹೊರಗೆ ತೆಗೆದೆ. ಟೇಬಲ್ ಮೇಲಿಟ್ಟು ಒದ್ದೆ ಬಟ್ಟೆ ಹೊದಿಸಿದೆ. ಕಲ್ಲಿನ ಹಾಗಿತ್ತು. ಅವರ ಸ್ಟೂಲಿನ ಮೇಲೆ ಕೂತೆ. ಕರಗುವುದಕ್ಕೆ ಅವಸರ ಮಾಡಬಾರದು, ಹೀಟರ್ ಹಾಕಬಾರದು. ಹೊರಗೆ ಮಂಜು ಇಳಿದು ಪಕ್ಕದ ಮನೆ ಕಾಣುತ್ತಿರಲಿಲ್ಲ. ಕಿಟಕಿಗೆ ಹಾಲು ಬಳಿದ ಹಾಗೆ. ಟೇಬಲಿನ ಅಂಚಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಒಂದು ವಾಸನೆ ಬಂತು. ಮಾಂಸದ್ದಲ್ಲ. ಹುಲ್ಲಿನದು. ಹೋದ ವರ್ಷದ ಬೇಸಿಗೆಯ ಹುಲ್ಲು, ಆ ಕೂದಲಿನಲ್ಲಿ ಇನ್ನೂ ಇತ್ತು.

ಬಟ್ಟೆ ಸರಿಸಿದಾಗ ಬಿಳಿ ಹಿಮದ ಕೆಳಗಿಂದ ಚುಕ್ಕೆಗಳು ಏಳುತ್ತಿದ್ದವು. ಮೊದಲು ಒಂದು. ಆಮೇಲೆ ಪಕ್ಕದಲ್ಲಿ ಇನ್ನೊಂದು. ಸಂಜೆ ನಕ್ಷತ್ರ ಬರುತ್ತವಲ್ಲ, ಒಂದು ನೋಡುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಬಂದಿರುತ್ತವೆ, ಹಾಗೆ. ನೋಡುತ್ತಾ ನನಗೆ ಮಂಪರು ಬಂತು.

ಅವರು ಟೇಬಲಿನ ಆಚೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುವರು, ಅದು ಅವರ ಅಭ್ಯಾಸ. ಗೋಡೆಯ ಮೇಲೆ ಹಳೆಯ ತಲೆಗಳು, ಗಿರಾಕಿ ಬಾರದೆ ಉಳಿದವು, ಎಲ್ಲ ಹಾಗೇ ಕೇಳಿಸಿಕೊಳ್ಳುತ್ತಿದ್ದವು. ಶೆಡ್ಡಿಗೆ ಛಾವಣಿ ಇರಲಿಲ್ಲ. ಮೇಲೆ ಕೊಂಬೆಗಳು. ಕೊಂಬೆಯ ಮೇಲೆ ಯಾರೋ ಕೂತಿದ್ದರು, ಬಾಲ ಮಾತ್ರ ಕಾಣುತ್ತಿತ್ತು. ಆಗುತ್ತಾ ಅಂತ ಕೇಳಿದೆ. ಅವರು ಒಂದು ತೊಳೆ ನನ್ನ ಕೈಗೆ ಕೊಟ್ಟರು. ತಣ್ಣಗಿತ್ತು.

ಎಚ್ಚರವಾದಾಗ ನನ್ನ ಬೆರಳು ಜಿಂಕೆಯ ಮೂಗಿನ ಮೇಲಿತ್ತು.

ಮೆತ್ತಗಾಗಿತ್ತು. ನೋಡಿಯೇಬಿಡೋಣ ಅಂದುಕೊಂಡೆ. ಮೂಗಿನ ಕೂದಲು ಎಳೆದೆ. ಗಟ್ಟಿ. ರೆಪ್ಪೆ ನೋಡಿದೆ. ಒಂದು ಎಳೆಯೂ ಅಲುಗಲಿಲ್ಲ. ಬಲಗಿವಿಯ ಕಡೆ ಟವೆಲ್ಲು ಬಿಚ್ಚಿದೆ. ಗಟ್ಟಿ. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಒಬ್ಬಳೇ ನಕ್ಕೆ. ಎದ್ದು ಸೂಜಿ ಡಬ್ಬಿ ತಂದೆ. ಮೂರು ಅಂಚಿನ ಸೂಜಿ, ದಾರ, ಮೇಣದ ಉಂಡೆ. ಮೇಣದ ಮೇಲೆ ಅವರ ಹೆಬ್ಬೆಟ್ಟಿನ ಗುರುತಿತ್ತು.

ಆಮೇಲೆ ಎಡಗಿವಿ.

ಟವೆಲ್ಲು ಬಿಚ್ಚುವಾಗಲೇ ಕೂದಲು ಅದಕ್ಕೆ ಅಂಟಿಕೊಂಡು ಬಂತು. ಬುಡದಲ್ಲಿ ಎರಡು ಬೆರಳಿಟ್ಟೆ. ಒದ್ದೆ ಹತ್ತಿಯ ಹಾಗೆ ಕೈಗೆ ಬಂತು. ಇನ್ನೊಂದು ಕಡೆ ಮುಟ್ಟಿದೆ. ಅಲ್ಲೂ ಬಂತು. ಕಿವಿಯ ಬುಡದಿಂದ ಕೆನ್ನೆಯ ತನಕ, ಅಂಗೈಯಷ್ಟು ಬೋಳು.

ಫ್ರೀಜರಿನ ತಪ್ಪು ಅನ್ನೋಣ ಅಂದುಕೊಂಡೆ. ಅಲ್ಲ. ಶೀತಕ್ಕೆ ಚರ್ಮ ಒಣಗುತ್ತದೆ, ಕೂದಲು ಹೀಗೆ ಬಿಡಲ್ಲ. ಇದು ಬಿಸಿಲಿಗೆ ಆಗುವುದು. ಬಿಸಿ ಕಾರಿನಲ್ಲಿ ತಲೆ ಎಡಕ್ಕೆ ಒತ್ತಿಕೊಂಡು ಮಲಗಿದ್ದರೆ ಆಗುವುದು. ಫ್ರೀಜರಿಗೆ ಹೋಗುವ ಮೊದಲೇ ಆಗಿದ್ದು.

ಅಂದರೆ ಅವರಿಗೆ ಗೊತ್ತಿತ್ತು. ಆವತ್ತು ಬೆರಳು ನಿಂತದ್ದು ಅದಕ್ಕೆ. ಮೂಗು, ರೆಪ್ಪೆ ನೋಡದೆ ಇದ್ದದ್ದು ಅದಕ್ಕೆ. ಇದು ಆಗಲ್ಲ, ತಿನ್ನಿ ಅನ್ನಬೇಕಾದವರು ನಾಳೆ ಅಂದರು. ಆಗುತ್ತೋ ಇಲ್ಲವೋ ಅಂತ ಯೋಚಿಸುವುದಕ್ಕಲ್ಲ. ಆಗಲ್ಲ ಅಂದರೆ ಮಯೂರ್ ಅದನ್ನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದ. ಒಂದು ರಾತ್ರಿ ಚುಕ್ಕೆ ಮನೆಯಲ್ಲಿರಲಿ ಅಂತ. ಅಷ್ಟೇ ಇದ್ದದ್ದು. ನಾನು ಅದರ ಮೇಲೆ ಒಂದು ಚಳಿಗಾಲ ಕಟ್ಟಿದ್ದೆ.

ಸೂಜಿ ಡಬ್ಬಿ ಮುಚ್ಚಿದೆ. ಅಳು ಬರಲಿಲ್ಲ. ಟವೆಲ್ಲು ಒಗೆದು ಹಾಕಿದೆ.

ಭಾನುವಾರ ಇಬ್ಬರೂ ಬಂದರು. ಪ್ರತೀಕ್ಷಾ ಈ ಸಲ ಕಾರಿನಿಂದ ಇಳಿದಳು. ಡಬ್ಬಿಯಲ್ಲಿ ಗೊಜ್ಜವಲಕ್ಕಿ ತಂದಿದ್ದಳು. ಟೇಬಲ್ ಹತ್ತಿರ ಬಂದು ಬಗ್ಗಿ ನೋಡಿದಳು.

"ಚೆನ್ನಾಗಿದೆ ಆಂಟಿ" ಅಂದಳು. "ಆವತ್ತು ನಾನು ಏನೇನೋ ಅಂದೆ. ಅಂಕಲ್‌ದು ಕೊನೇದು ಅಂದ್ರೆ ಹಾಲ್‌ನಲ್ಲೇ ಹಾಕೋಣ. ಟಿವಿ ಮೇಲೆ ಜಾಗ ಮಾಡಿದೀನಿ."

"ಆಗಲ್ಲಮ್ಮಾ" ಅಂದೆ.

ಎಡಗಿವಿ ತೋರಿಸಿದೆ. ಮಯೂರ್ ಮುಟ್ಟಿದ. ಅವನ ಬೆರಳಿಗೂ ಕೂದಲು ಬಂತು. ಅವನು ತುಂಬ ಹೊತ್ತು ಬೆರಳು ನೋಡಿದ.

"ಆವತ್ತು ತುಂಬ ಬಿಸಿಲಿತ್ತು ಆಂಟಿ. ಮಧ್ಯಾಹ್ನ ಹೊಡೆದಿದ್ದು. ಬರ್ತಾ ದಾರೀಲಿ ಇಬ್ಬರು ಫ್ರೆಂಡ್ಸ್ ಮನೇಲಿ ನಿಲ್ಲಿಸ್ದೆ, ತೋರಿಸೋಕೆ."

"ಮೂರು ಮನೆ" ಅಂದಳು ಪ್ರತೀಕ್ಷಾ. "ಮೂರನೇ ಮನೇಲಿ ಊಟಾನೂ ಮಾಡಿದ್ರಿ."

"ಸರಿ, ಮೂರು." ಮುಖ ಕೆಂಪಾಗಿತ್ತು. "ಆದ್ರೂ ಮಾಡೋಕಾಗಲ್ವಾ? ಸ್ವಲ್ಪ ಬೋಳು ಇದ್ರೇನು?"

"ಬೋಳು ಇದ್ರೇನು ಆಂಟಿ, ನಮ್ಮನೇಲಿ ಆಗ್ಲೇ ಒಂದಿದೆ" ಅಂತ ಪ್ರತೀಕ್ಷಾ ಗಂಡನ ನೆತ್ತಿ ತಟ್ಟಿದಳು. ನಗಿಸುವುದಕ್ಕೇ ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಗೋಡೆ ಕಡೆ ತಿರುಗಿಸಿಡೋಣ" ಅಂದ ಮಯೂರ್. "ಬಲಗಿವಿ ಚೆನ್ನಾಗಿದೆಯಲ್ಲ. ಅದನ್ನ ಮೇಲಕ್ಕೆತ್ತಿ."

ನಾನು ಅದನ್ನೆಲ್ಲ ಯೋಚಿಸಿ ಆಗಿತ್ತು. ಬೇರೆ ಚರ್ಮದ ಕೂದಲು ಅಂಟಿಸಬಹುದು. ಬಣ್ಣ ಹಾಕಬಹುದು. ದೂರದಿಂದ ಯಾರಿಗೂ ತಿಳಿಯಲ್ಲ. ನನಗೂ ಅದು ಬೇಕಿತ್ತು. ಈ ಮಕ್ಕಳಿಗಿಂತ ಹೆಚ್ಚು ನನಗೆ ಬೇಕಿತ್ತು. ಆದರೆ ನೋಡಿದಾಗಲೆಲ್ಲ ಆ ಕಿವಿಯೇ ಕಾಣುತ್ತದೆ. ಅವರು ಬೇಡ ಅಂದಿದ್ದನ್ನು ಅವರದು ಅಂತ ಗೋಡೆಗೆ ಹಾಕಿದ ಹಾಗೆ.

"ಇದು ಅಂಕಲ್‌ದು ಅಲ್ಲಪ್ಪಾ" ಅಂದೆ. "ಅವರು ಇದನ್ನ ಮಾಡ್ತಿರಲಿಲ್ಲ. ಗೊತ್ತಿದ್ದೂ ಒಂದು ದಿನ ಇಟ್ಕೊಂಡ್ರು. ಅಷ್ಟೇ."

ಮಯೂರ್ ಒದ್ದೆ ಬಟ್ಟೆಯನ್ನು ಆ ಕಿವಿಯ ಮೇಲೆ ಎಳೆದ.

"ಇದು ಆಗಲ್ಲ. ತಿನ್ನಿ" ಅಂದೆ.

ನನ್ನ ಬಾಯಿಂದ ಅವರ ಮಾತು ಬಂದು ಶೆಡ್ಡಿನಲ್ಲಿ ನಿಂತಿತು. ಗೋಡೆಯ ಮೇಲಿನವೆಲ್ಲ ಕೇಳಿಸಿಕೊಂಡವು.

"ತಿಂದಾಯ್ತು ಆಂಟಿ" ಅಂದ ಮಯೂರ್ ಮೆಲ್ಲಗೆ. "ಸೆಪ್ಟೆಂಬರ್‌ನಲ್ಲೇ."

ಮೊದಲು ಪ್ರತೀಕ್ಷಾಗೆ ನಗು ಬಂತು. ಆಮೇಲೆ ನನಗೆ. ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತೆ. ಕೂತ ಮೇಲೆ ಅಳು ಬಂತು. ಅವಳು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಡಾಕ್ಟರು ಹುಡುಗಿ, ಸುಮ್ಮನಿರುವುದು ಗೊತ್ತು.

ಹಿತ್ತಲ ಪೇರ್ ಮರದ ಕೆಳಗೆ ಮಯೂರ್ ಗುಂಡಿ ತೋಡಿದ. ಗುದ್ದಲಿ ಹಿಡಿಯಲು ಬರಲ್ಲ, ಶೂಸೆಲ್ಲ ಮಣ್ಣು. "ಇದಕ್ಕಿಂತ ಮೂಳೆ ಕೂರಿಸೋದು ಸುಲಭ" ಅಂದ. ಕೊಂಬು ಹಲಗೆಗೆ ಬೇಕಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದ. ಎಲ್ಲವನ್ನೂ ಒಟ್ಟಿಗೇ ಇಟ್ಟೆವು. ಚುಕ್ಕೆ ಮೇಲೆ ಬರುವ ಹಾಗೆ ನಾನೇ ತಿರುಗಿಸಿಟ್ಟೆ. ಮಣ್ಣು ಬಿದ್ದಾಗ ಒಂದೊಂದಾಗಿ ಹೋದವು.

ಮಂಜು ಸರಿದಿತ್ತು. ಮರದ ಮೇಲೆ ಯಾವುದೋ ಹಕ್ಕಿ ಕರಕರ ಅಂತ ಕೂಗಿತು. ನಾನು ಮೇಲೆ ನೋಡಿದೆ. ಮಯೂರ್ ಕೂಡ ನೋಡಿದ.

ಕೈ ತೊಳೆದುಕೊಳ್ಳುವಾಗ ಅವನು ಕೇಳಿದ. "ಆಂಟಿ, ಇನ್ನೊಂದು ತಂದ್ರೆ ನೋಡ್ತೀರಾ?"

ಪ್ರತೀಕ್ಷಾ ಅವನ ಕಾಲು ತುಳಿದಳು. ನನಗೆ ಕಾಣಿಸಿತು.

ನಾಳೆ ಹೇಳ್ತೀನಿ ಅನ್ನುವ ಮಾತು ನಾಲಿಗೆಯ ಮೇಲೆ ಬಂದಿತ್ತು. ನುಂಗಿದೆ.

"ಬೆಳಿಗ್ಗೆ ಹೊಡಿ" ಅಂದೆ. "ಬಿಸಿಲೇರೋಕೆ ಮುಂಚೆ ತಾ. ಯಾರ ಮನೇಲೂ ನಿಲ್ಲಿಸಬೇಡ. ಕತ್ತು ಕೊಯ್ಯಬೇಡ, ಭುಜದ ಹಿಂದೆ ಕೊಯ್ಯಿ. ಆಮೇಲೆ ನೋಡ್ತೀನಿ. ಕೂದಲು ಬಂದ್ರೆ ವಾಪಸ್."

"ಸರಿ ಆಂಟಿ."

"ಹಳೇ ಕನ್ನಡ ಪೇಪರ್ ಇದ್ರೆ ಅದನ್ನೂ ತಾ."

ಸಂಜೆ ಇಂಚರಾ ಫೋನ್ ಮಾಡಿದಳು. ಜಿಂಕೆದು ಆಯ್ತು, ಮಣ್ಣಲ್ಲಿ ಇಟ್ವಿ ಅಂದೆ. ಅವಳು, ಹಾಗಾದರೆ ಶೆಡ್ಡು ಖಾಲಿ ಮಾಡುವವರಿಗೆ ಹೇಳಲಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಬೇಡ ಕಣೆ. ನನಗೆ ಕೆಲಸ ಇದೆ" ಅಂದೆ.

ಫೋನ್ ಇಟ್ಟು ಶೆಡ್ಡಿಗೆ ಹೋದೆ. ಫ್ರೀಜರ್ ಖಾಲಿ. ಒರೆಸಿ ಮುಚ್ಚಳ ಹಾಕಿದೆ. ಪ್ಲಗ್ ಕೀಳಲಿಲ್ಲ. ಗುಂಯ್ ಅನ್ನುತ್ತಿತ್ತು. ಅವರ ಸ್ಟೂಲನ್ನು ನನ್ನ ಎತ್ತರಕ್ಕೆ ಸ್ವಲ್ಪ ತಗ್ಗಿಸಬೇಕು.